ಖಾನಾಪುರದಿಂದ ಬೂಸಾನಿಗೆ

ಮಾಸ್ತರರ ಮನೆತನಕ್ಕೆ ಸ್ವಂತ ಊರೆಂಬುದು ಇರುವುದು ಅಪರೂಪ. ವರ್ಗಾವಣೆಯ ಹುಕುಮು ಬಂದ ಊರೇ ಅದರ ಊರು. ವಿಜಾಪುರದ ಕಡೆಯ ಬಿಳಿಜೋಳದ ಸೀಮೆಯಲ್ಲಿ ಹುಟ್ಟಿದ ನಮ್ಮ ತಂದೆಯವರು ಖಾನಾಪುರ ತಾಲ್ಲೂಕಿನ ಕಾಡಂಚಿನ ಕನ್ನಡ ಶಾಲೆಯೊಂದಕ್ಕೆ ಬಂದಾಗ, ಬೆಳಗಾವಿಯ ದಕ್ಷಿಣಕ್ಕಿರುವ ಆ ನಾಡೇ ಅವರ ಪಾಲಿಗೆ ಪರದೇಶವಾಗಿತ್ತು. ರೊಟ್ಟಿಯ ಬದಲು ಅನ್ನ. ಬಯಲಿನ ಬದಲು ಕಾಡು. ಹಿಡಿದರೆ ಬಿಡದ ಮಳೆ. ಮಕ್ಕಳ ಮನೆಮಾತು ಹೆಚ್ಚಾಗಿ ಮರಾಠಿ, ಕೆಲವರದು ಕೊಂಕಣಿ. ತಾಯಿಯವರು ಆರು ತಿಂಗಳಲ್ಲಿ ಬಾವಿಕಟ್ಟೆಯ ಮೇಲೆಯೇ ಮರಾಠಿ ಕಲಿತುಬಿಟ್ಟರು. ತಂದೆಯವರಿಗೆ ಆರು ವರ್ಷ ಹಿಡಿಯಿತು. ವ್ಯಾಕರಣದಿಂದ ಹೊರಟವರಿಗೆ ಹಾದಿ ಯಾವಾಗಲೂ ದೂರವೇ!

ನನ್ನ ಮಗಳು ಹೋದದ್ದು ಇನ್ನಷ್ಟು ದೂರ. ಬೆಳಗಾವಿಯಲ್ಲಿ ಓದಿ ಬೆಳೆದ ಅವಳು ಈಗ ಕೊರಿಯಾ ದೇಶದ ಬೂಸಾನ್ ನಗರದ ಪ್ರಾಥಮಿಕ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅಳಿಯಂದಿರು ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕರು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದವು ನಮ್ಮ ಇಂಗ್ಲಿಷ್ ಶಿಕ್ಷಕರಿಗೂ ಆ ದೇಶದ ಬಾಗಿಲನ್ನು ತೆರೆಯಿತು. ನಾವು ದಂಪತಿಗಳು ಎರಡು ಸಲ ಅಲ್ಲಿಗೆ ಹೋಗಿ ಬಂದೆವು: ಒಮ್ಮೆ ನವೆಂಬರಿನ ಚಳಿಯಲ್ಲಿ, ಒಮ್ಮೆ ಮೇ ತಿಂಗಳಲ್ಲಿ.

ಮೊದಲು ಬೆರಗುಗೊಳಿಸಿದ್ದು ಆ ಭಾಷೆ. ಕ್ರಿಯಾಪದ ನಮ್ಮಲ್ಲಿಯಂತೆ ವಾಕ್ಯದ ಕೊನೆಗೇ ಬರುತ್ತದೆ. ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಹಿಂದೆ ಅಂಟುತ್ತವೆ; ನಮ್ಮ ‘ಗೆ’ಗೆ ಅವರಲ್ಲಿ ‘ಎಗೆ’. ಮಗು ತಂದೆಯನ್ನು ಕರೆಯುವುದು ‘ಅಪ್ಪಾ’ ಎಂದೇ. ಇದನ್ನು ಕೇಳಿ ಸೋಜಿಗಪಟ್ಟವರಲ್ಲಿ ನಾನು ಮೊದಲಿಗನಲ್ಲ. 1886ರಲ್ಲಿ ಸಿಯೋಲ್‌ನ ಅರಮನೆಯ ಶಾಲೆಗೆ ಶಿಕ್ಷಕನಾಗಿ ಬಂದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ನನು 1905ರಲ್ಲಿ ಕೊರಿಯನ್ ಭಾಷೆಯನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ವ್ಯಾಕರಣವನ್ನೇ ಬರೆದನು. ಆ ನಂಟನ್ನು ಇಂದಿನ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಆದರೆ ಆತನು ಆ ಜನರ ಲಿಪಿಯನ್ನು ಕಲಿತು, ಅವರ ನುಡಿಯಲ್ಲಿಯೇ ಭೂಗೋಳದ ಪಠ್ಯಪುಸ್ತಕವನ್ನು ಬರೆದನೆಂಬುದು ನನಗೆ ದೊಡ್ಡದಾಗಿ ತೋರುತ್ತದೆ. 1949ರಲ್ಲಿ ತೀರಿಕೊಂಡ ಆತನ ಸಮಾಧಿ ಸಿಯೋಲ್‌ನಲ್ಲಿಯೇ ಇದೆ.

ಆ ಲಿಪಿಗೆ ಹಂಗುಲ್ ಎಂದು ಹೆಸರು. ಹಿಂದೆ ಅಲ್ಲಿ ಚೀನೀ ಅಕ್ಷರಗಳನ್ನು ಬಲ್ಲವನಷ್ಟೇ ವಿದ್ಯಾವಂತ. ಸಾಮಾನ್ಯ ಜನರೂ ಓದಲೆಂದು ಸೆಜೋಂಗ್ ಎಂಬ ದೊರೆ 1443ರಲ್ಲಿ ಇದನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದನು. ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 24. ಅವನ್ನು ಒಂದರ ಪಕ್ಕಕ್ಕೆ, ಒಂದರ ಕೆಳಗೆ ಜೋಡಿಸಿ ಉಚ್ಚಾರಾಂಶದ ಒಂದೊಂದು ಮನೆ ಕಟ್ಟುತ್ತಾರೆ. ಒತ್ತಕ್ಷರ ಬಲ್ಲ ನಮಗೆ ಇದರಲ್ಲಿ ತೊಡಕಿಲ್ಲ.

1910ರಿಂದ 1945ರವರೆಗೆ ಆ ದೇಶ ಜಪಾನಿನ ಆಳ್ವಿಕೆಯಲ್ಲಿತ್ತು. ಕೊನೆಗೊನೆಗೆ ಕೊರಿಯನ್ ಭಾಷೆ ಶಾಲೆಗಳಿಂದಲೇ ಹೊರಬಿದ್ದಿತು. 1942ರಲ್ಲಿ ಕೊರಿಯನ್ ನಿಘಂಟನ್ನು ಸಿದ್ಧಪಡಿಸುತ್ತಿದ್ದ ವಿದ್ವಾಂಸರನ್ನು ಸೆರೆಹಿಡಿದರು. ಇಬ್ಬರು ಸೆರೆಮನೆಯಲ್ಲಿಯೇ ಸತ್ತರು. ಪೊಲೀಸರ ವಶವಾದ ಹಸ್ತಪ್ರತಿ 1945ರಲ್ಲಿ ಸಿಯೋಲ್ ರೈಲು ನಿಲ್ದಾಣದ ಉಗ್ರಾಣವೊಂದರಲ್ಲಿ ಸಿಕ್ಕಿತು. ಇದನ್ನು ಕೇಳುವಾಗ ಬೆಳಗಾವಿಯವನಾದ ನನಗೆ ಡೆಪ್ಯುಟಿ ಚನ್ನಬಸಪ್ಪನವರ ನೆನಪಾಯಿತು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿಯೂ ಮರಾಠಿಯೇ ಶಾಲೆಯ ಮಾತಾಗಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು ಅವರು. ಎರಡೂ ಒಂದೇ ಅಲ್ಲ. ನಮ್ಮಲ್ಲಿ ನಿಘಂಟುಕಾರರು ಸೆರೆಮನೆ ಕಾಣಲಿಲ್ಲ. ಆದರೂ ನುಡಿ ಉಳಿಯುವುದು ಶಾಲೆಯ ಹಲಗೆಯ ಮೇಲೆ ಎಂಬುದನ್ನು ಎರಡು ಕಡೆಯವರೂ ಬಲ್ಲರು.

ಮನೆವಾರ್ತೆಯ ಮಾತಿಗೆ ಬರೋಣ. ಪಾದರಕ್ಷೆ ಹೊರಗೆ, ನೆಲವೇ ಪೀಠ. ನೆಲದ ಅಡಿಯಲ್ಲಿ ಒಲೆಯ ಬಿಸಿ ಹರಿಸುವ ಅವರ ಹಳೆಯ ‘ಓಂಡೋಲ್’ ಪದ್ಧತಿ ಈಗ ಬಿಸಿನೀರಿನ ಕೊಳವೆಗಳ ರೂಪದಲ್ಲಿ ಬಹುಮಹಡಿಯ ಮನೆಗಳಲ್ಲಿಯೂ ಇದೆ. ನವೆಂಬರಿನಲ್ಲಿ ನೆರೆಹೊರೆಯವರು ಕೂಡಿ ಕೋಸಿಗೆ ಉಪ್ಪು, ಮೆಣಸಿನಪುಡಿ ಹಚ್ಚಿ ಚಳಿಗಾಲಕ್ಕೆ ಕಿಮ್ಚಿ ಹಾಕುತ್ತಾರೆ. ಹಿಂದೆ ಅದನ್ನು ತುಂಬಿಡುತ್ತಿದ್ದ ದೊಡ್ಡ ಮಣ್ಣಿನ ಗಡಿಗೆಗಳನ್ನು ಕಂಡು ನನ್ನಾಕೆ ಬೆರಳಿನಿಂದ ಬಡಿದು ನೋಡಿ, ‘ನಮ್ಮ ಖಾನಾಪುರದ ಮಣ್ಣಿನಷ್ಟು ಕೆಂಪಿಲ್ಲ, ಆದರ ಚಲೋ ಸುಟ್ಟಾರ’ ಎಂದು ತೀರ್ಪು ಕೊಟ್ಟಳು. ಮೀನಿನ ಸಾರಿನ ವಾಸನೆಗೆ ಮಾತ್ರ ಅವಳ ಕ್ಷಮೆ ಕೊನೆಯವರೆಗೂ ದೊರೆಯಲಿಲ್ಲ.

ಅಲ್ಲಿ ಶಿಕ್ಷಕರ ದಿನ ಮೇ 15, ಅಂದರೆ ಲಿಪಿ ಕೊಟ್ಟ ಸೆಜೋಂಗ್ ದೊರೆಯ ಹುಟ್ಟುಹಬ್ಬ. ಶಿಕ್ಷಕರನ್ನು ಹೆಸರು ಹಿಡಿದು ಕರೆಯುವಂತಿಲ್ಲ, ‘ಸೊನ್ಸೆಂಗ್‌ನಿಮ್’ ಎನ್ನಬೇಕು. ಹಾಗೆಂದು ಉಡುಗೊರೆಯನ್ನು ಮುಟ್ಟುವಂತೆಯೂ ಇಲ್ಲ. 2016ರಲ್ಲಿ ಜಾರಿಯಾದ ಕಾನೂನಿನಂತೆ ಮಗುವೊಂದು ತಾನಾಗಿ ಹೂವು ಕೊಡುವುದೂ ಸಲ್ಲದು. ವಿದ್ಯಾರ್ಥಿಗಳ ಪ್ರತಿನಿಧಿ ಎಲ್ಲರೆದುರು ಕೊಡಬಹುದು. ಅರಿಯದೆ ಕೆಂಪು ಹೂವು ಹಿಡಿದು ಬಂದ ಒಂದನೆಯ ತರಗತಿಯ ಹುಡುಗನನ್ನು ಹೇಗೆ ಹಿಂದಿರುಗಿಸಲೆಂದು ಮಗಳು ಸಂಕಟಪಟ್ಟಳು. ಕೊನೆಗೆ ಅದನ್ನು ತರಗತಿಯ ಕಿಟಕಿಯಲ್ಲಿಟ್ಟು, ‘ಇದು ಎಲ್ಲರದು’ ಎಂದಳಂತೆ.

ಮನೆಯಲ್ಲಿ ನಿಜವಾದ ವಾದವೆದ್ದದ್ದು ಮೊಮ್ಮಗಳ ಶಾಲೆಯ ಬಗೆಗೆ. ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಯೇ ಲೇಸೆಂದು ಅಳಿಯಂದಿರು. ಬೆಳಗಾವಿಯಲ್ಲಿ ನಮ್ಮ ಬಳಿ ಬಿಟ್ಟುಬಿಡಿರೆಂದು ಅಜ್ಜಿ. ಮಗಳು ಓಣಿಯ ಸರಕಾರಿ ಶಾಲೆಗೇ ಹಾಕಿದಳು. ‘ನಾನು ಕಲಿಸುವ ಮಕ್ಕಳ ಸಂಗಡ ನನ್ನ ಮಗಳು ಕೂಡ್ರಬಾರದು ಅಂದರ ಹೆಂಗ, ಅಪ್ಪಾ?’ ಎಂದಳು. ನಮ್ಮ ತಂದೆಯವರೂ ನನ್ನನ್ನು ತಮ್ಮ ಶಾಲೆಯಲ್ಲಿಯೇ ಕೂಡ್ರಿಸಿದ್ದರು. ನಾನು ಏನು ಹೇಳಲಿ?

ಅದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. ಈಗ ಹುಡುಗಿಯ ಕನಸುಗಳೂ ಕೊರಿಯನ್ ಭಾಷೆಯಲ್ಲಿ ಬೀಳುತ್ತವಂತೆ. ತಾಯಿ ಕನ್ನಡದಲ್ಲಿ ಕೇಳಿದರೆ ಕೊರಿಯನ್ನಿನಲ್ಲಿ ಉತ್ತರಿಸುತ್ತಾಳೆ. ಅದಕ್ಕಾಗಿ ರವಿವಾರ ಬೆಳಿಗ್ಗೆ ಎಂಟಕ್ಕೆ (ಅಲ್ಲಿ ಆಗಲೇ ಹನ್ನೊಂದೂವರೆ) ದೂರವಾಣಿಯ ಪರದೆಯಲ್ಲಿ ನಾನು ಅವಳ ಕನ್ನಡ ಮಾಸ್ತರ. ಹಂಗುಲ್‌ನಲ್ಲಿ ವಕಾರವಿಲ್ಲ, ಳಕಾರವಿಲ್ಲ; ಅವಳು ಬರೆದ ಬೆಳಗಾವಿ ‘ಬೆಲ್ಲಗಾಬಿ’ ಆಗಿತ್ತು. ಎರಡು ತಿಂಗಳು ಳಕಾರವೊಂದನ್ನೇ ತಿದ್ದಿದೆವು.

ಮರ್ಯಾದೆಯ ಮಾತು ಇನ್ನೂ ಕಠಿಣ. ನಮ್ಮ ಕಡೆ ಗೌರವಕ್ಕೆ ‘ರೀ’ ಹಚ್ಚುವಂತೆ ಅವರು ವಾಕ್ಯದ ತುದಿಗೆ ‘ಯೊ’ ಹಚ್ಚುತ್ತಾರೆ. ಹಿರಿಯರೊಡನೆ ಅದಿಲ್ಲದೆ ಮಾತನಾಡಬಾರದೆಂದು ಶಾಲೆಯಲ್ಲಿ ಕಲಿತ ಹುಡುಗಿ, ಕನ್ನಡಕ್ಕೂ ಅದನ್ನೇ ಅಂಟಿಸಿ, ‘ಅಜ್ಜಾ, ಊಟಾ ಮಾಡಿದಿ-ಯೊ?’ ಎಂದು ಕೇಳುತ್ತಾಳೆ. ಅವಳಿಗೆ ಅದು ‘ರೀ’. ನಮ್ಮ ಕಿವಿಗೆ ಓರಗೆಯ ಗೆಳೆಯನನ್ನು ಮಾತನಾಡಿಸಿದ ಹಾಗೆ. ಅಜ್ಜಿ ಪ್ರತಿವಾರ ತಿದ್ದುತ್ತಾಳೆ. ನಾನು ಮಾತ್ರ ‘ಮಾಡಿದೆ-ಯೊ’ ಎಂದು ಉತ್ತರಿಸಿ, ಮುಂದಿನ ಪಾಠಕ್ಕೆ ಪುಟ ತಿರುವುತ್ತೇನೆ.