ಬಾರೋ ಎಂದರೆ ನಮ್ಮ ಕಡೆಗೆ

ಕನ್ನಡದಲ್ಲಿ ಕೊಟ್ಟರೂ ಸಾಲ, ತೆಗೆದುಕೊಂಡರೂ ಸಾಲ. ಇಂಗ್ಲಿಷಿನಲ್ಲಿ ಹಾಗಲ್ಲ. ಕೊಡುವುದು ಲೆಂಡ್, ತೆಗೆದುಕೊಳ್ಳುವುದು ಬಾರೋ. ಮಣಿಪಾಲದಲ್ಲಿ ಓದುವ ನನ್ನ ಮೊಮ್ಮಗಳು ಗೆಳತಿಗೆ 'ಬಾರೋ ಮಿ ಯುವರ್ ಪೆನ್ಸಿಲ್' ಎನ್ನುವುದು ಅದಕ್ಕೇ. ಅವಳಿಗೊಂದು ಉಪಾಯ ಹೇಳಿಕೊಟ್ಟಿದ್ದೇನೆ: 'ಬಾರೋ' ಎಂದು ಕರೆದರೆ ಹುಡುಗ ನಮ್ಮ ಕಡೆಗೆ ತಾನೆ ಬರುವುದು? ಪೆನ್ಸಿಲೂ ಹಾಗೆಯೇ. ನಮ್ಮ ಕಡೆಗೆ ಬಂದರೆ ಬಾರೋ, ನಮ್ಮಿಂದ ಹೋದರೆ ಲೆಂಡ್.

ಪ್ರಿನ್ಸಿಪಲ್ ಎಂಬುದರ ಕೊನೆಗೆ ಪಿ-ಎ-ಎಲ್ ಬಂದರೆ ಸಾಲದ ಅಸಲು, ಪಿ-ಎಲ್-ಇ ಬಂದರೆ ತತ್ವ. ಅಸಲಿನ 'ಅ' ನೆನಪಿಟ್ಟರೆ 'ಎ' ತಪ್ಪುವುದಿಲ್ಲ. ಇಂಟರೆಸ್ಟ್ ಎಂದರೆ ಬಡ್ಡಿಯೂ ಹೌದು, ಆಸಕ್ತಿಯೂ ಹೌದು. ಬಡ್ಡಿ ಕಟ್ಟುವುದರಲ್ಲಿ ಆಸಕ್ತಿ ಇದ್ದ ಸಾಲಗಾರನನ್ನು ನಾನಂತೂ ಕಂಡಿಲ್ಲ!

ಕೆಲವು ಶಬ್ದಗಳಿಗೆ ನಮ್ಮ ಊರೇ ಹೊಸ ಅರ್ಥ ಕೊಟ್ಟಿದೆ. ಇಂಗ್ಲಿಷಿನ ಪಿಗ್ಮಿ ಎಂದರೆ ಕುಳ್ಳ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುವ ಠೇವಣಿಗೆ ಆ ಹೆಸರಿಟ್ಟಿತು. ಈಗ ಕಾಪುವಿನ ಅಂಗಡಿಯವರಿಗೆ ಪಿಗ್ಮಿ ಎಂದರೆ ದಿನದ ಉಳಿತಾಯ, ಅಷ್ಟೆ.

ಮಕ್ಕಳೇ, ಇನ್ನು ಮುಂದಿನದನ್ನು ಅಜ್ಜ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ.

ಜಂಟಿ ಖಾತೆಯಲ್ಲಿ 'ಈದರ್ ಆರ್ ಸರ್ವೈವರ್' ಎಂದಿದ್ದರೆ ಇಬ್ಬರಲ್ಲಿ ಯಾರು ರುಜು ಹಾಕಿದರೂ ಹಣ ಸಿಗುತ್ತದೆ. 'ಫಾರ್ಮರ್ ಆರ್ ಸರ್ವೈವರ್' ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವಷ್ಟು ಕಾಲ ಅವರ ರುಜುವೇ ಆಗಬೇಕು. ಇದು ರೈತರ ಖಾತೆಯೋ ಎಂದು ಕೇಳಿದವರೂ ಉಂಟು. ರೈತನದು ಎಫ್-ಎ, ಇದು ಎಫ್-ಒ, ಅಂದರೆ ಮೊದಲಿನವರು.

ಕಾರ್ಕಳ ಕಡೆಯ ಒಬ್ಬ ಅಜ್ಜಿ ಒಮ್ಮೆ ನನ್ನ ಕೌಂಟರಿಗೆ ಬಂದರು. ಗಂಡ ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿ, ಬಲಗೈ ಏಳುವುದಿಲ್ಲ. ಔಷಧಿಗೆ ಹಣ ಬೇಕು. "ಪಾಸ್‌ಬುಕ್ಕಿನಲ್ಲಿ ನನ್ನ ಹೆಸರೂ ಉಂಟಲ್ಲ ಮಾರಾಯ್ರೆ!" ಹೆಸರು ಇತ್ತು, ಆದರೆ ಎರಡನೆಯದು, ಖಾತೆ 'ಫಾರ್ಮರ್'. ಕಡೆಗೆ ಅಧಿಕಾರಿಯೊಬ್ಬರು ಆಸ್ಪತ್ರೆಗೇ ಹೋಗಿ, ಇಬ್ಬರು ಸಾಕ್ಷಿಗಳ ಎದುರು ಅಜ್ಜನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಅಷ್ಟು ಹೊತ್ತೂ ಆಕೆ ಬೆಂಚಿನಲ್ಲಿ ಕೂತಿದ್ದರು. ನೀರು ಕೊಟ್ಟರೂ ಕುಡಿಯಲಿಲ್ಲ.

ಇನ್ನೊಂದು ಜೋಡಿ ನಾಮಿನಿ ಮತ್ತು ವಾರಸುದಾರ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವ ಹಕ್ಕಿರುವವರು, ಹಣದ ಒಡೆಯರಲ್ಲ. ಸುಪ್ರೀಂ ಕೋರ್ಟು 2010ರಲ್ಲೂ ಇದನ್ನೇ ಹೇಳಿದೆ. ಹಿರಿಮಗನನ್ನು ನಾಮಿನಿ ಮಾಡಿದರೆ ಉಳಿದ ಮಕ್ಕಳ ಪಾಲು ಅಳಿಸಿಹೋಗುವುದಿಲ್ಲ. ಹಣ ಇಂಥವರಿಗೇ ಸೇರಲಿ ಎಂದಿದ್ದರೆ ವಿಲ್ ಬೇರೆಯೇ ಬರೆದಿಡಬೇಕು.