ನಿಮಗಿದು ಗೊತ್ತೇ? ಲ್ಯಾಪ್‌ಟಾಪ್ ಎದ್ದಿದೆ, ವೈಫೈ ಎದ್ದಿಲ್ಲ!

ಮುಚ್ಚಳ ತೆರೆದ ಕೂಡಲೇ ಪರದೆ ಬೆಳಗುತ್ತದೆ. ಅರ್ಧ ಬರೆದ ಇಮೇಲ್ ಬಿಟ್ಟಲ್ಲೇ ಇದೆ. ಆದರೆ ವೈಫೈ ಗುರುತು ಇರಬೇಕಾದ ಮೂಲೆಯಲ್ಲಿ ಗೋಳದ ಚಿತ್ರ ಬಂದು ಕೂತಿದೆ, ಮೌಸ್ ಎಷ್ಟು ಎಳೆದಾಡಿದರೂ ಬಾಣ ಕದಲುತ್ತಿಲ್ಲ, ಕಿವಿಗೆ ಸಿಕ್ಕಿಸಿದ ಇಯರ್‌ಬಡ್‌ನಿಂದ ಸದ್ದಿಲ್ಲ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಏನೂ ಕೆಟ್ಟಿರುವುದಿಲ್ಲ. ವಿಂಡೋಸ್, ಯಂತ್ರದೊಳಗಿನ ರೇಡಿಯೋ ಚಿಪ್, ಆಚೆ ಕಡೆಯ ರೌಟರ್ ಅಥವಾ ಮೌಸ್, ಈ ಮೂವರಲ್ಲಿ ಒಬ್ಬರಿಗೆ ಮಲಗುವ ಮುಂಚಿನ ಒಪ್ಪಂದ ಮರೆತುಹೋಗಿರುತ್ತದೆ, ಅಷ್ಟೇ. ಮರೆತವರು ಯಾರು ಎಂದು ಪತ್ತೆ ಮಾಡಿದರೆ ರಿಪೇರಿ ಮುಕ್ಕಾಲು ಮುಗಿದಂತೆ.

ಎಲ್ಲ ಲ್ಯಾಪ್‌ಟಾಪ್‌ಗಳೂ ಒಂದೇ ಥರ ಮಲಗುವುದಿಲ್ಲ, ಗೊತ್ತೇ? ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರ್‌ನಲ್ಲಿ ಹೊರತಂದ ಎಸಿಪಿಐ ಎಂಬ ನಿಯಮಾವಳಿಯಲ್ಲಿ ನಿದ್ದೆಗೂ ದರ್ಜೆಗಳಿವೆ. ಎಸ್3 ಎಂದರೆ ಗಾಢ ನಿದ್ದೆ: ರ‍್ಯಾಮ್‌ಗೆ ಜೀವ ಹಿಡಿಯುವಷ್ಟು ವಿದ್ಯುತ್ ಕೊಟ್ಟು ಉಳಿದದ್ದನ್ನು ಬಹುತೇಕ ಬಂದ್ ಮಾಡುವುದು. ಎಸ್4 ಎಂದರೆ ಹೈಬರ್ನೇಟ್: ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಆರಿಹೋಗುವುದು. 2012ರಲ್ಲಿ ವಿಂಡೋಸ್ 8 ಜೊತೆಗೆ ಇನ್ನೊಂದು ಬಗೆ ಬಂತು. ವಿಂಡೋಸ್ 10ರಲ್ಲಿ ಅದರ ಹೆಸರು ಮಾಡರ್ನ್ ಸ್ಟ್ಯಾಂಡ್‌ಬೈ. ಇದು ಕೋಳಿನಿದ್ದೆ. ಪರದೆ ಆರಿದ್ದರೂ ಯಂತ್ರ ಒಳಗೊಳಗೇ ಎಚ್ಚರವಾಗಿರುತ್ತದೆ. ಆಗಾಗ ಎದ್ದು ಮೇಲ್ ನೋಡುತ್ತದೆ, ಅಪ್‌ಡೇಟ್ ವಿಚಾರಿಸುತ್ತದೆ, ಮತ್ತೆ ಮಗ್ಗುಲಾಗುತ್ತದೆ. ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಆಫೀಸು ತಲುಪುವಷ್ಟರಲ್ಲಿ ಬಿಸಿಯಾಗಿ, ಬ್ಯಾಟರಿಯೂ ಇಳಿದಿದ್ದರೆ ಅನುಮಾನ ಮೊದಲು ಇದರ ಮೇಲೆಯೇ ಇರಲಿ. ರೇಡಿಯೋ ಚಿಪ್ ಪದೇ ಪದೇ ಅರ್ಧ ಮಲಗಿ ಅರ್ಧ ಏಳುವುದರಿಂದ, ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ಗೆ ತಾಳ ತಪ್ಪುವ ಸಂದರ್ಭಗಳೂ ಹೆಚ್ಚು.

ನಿಮ್ಮ ಯಂತ್ರದ್ದು ಯಾವ ನಿದ್ದೆ ಎಂದು ತಿಳಿಯಬೇಕೇ? ಕಮಾಂಡ್ ಪ್ರಾಂಪ್ಟ್ ತೆರೆದು, ಪವರ್ ಮತ್ತು ಸಿಎಫ್‌ಜಿ ಎರಡನ್ನೂ ಕೂಡಿಸಿ ಟೈಪಿಸಿ, ಒಂದು ಜಾಗ ಬಿಟ್ಟು, ಓರೆಗೆರೆಯ ಪಕ್ಕ ಎ ಅಕ್ಷರ ಹಾಕಿ ಎಂಟರ್ ಒತ್ತಿ. ಎಸ್3 ಇದೆಯೋ, ಎಸ್0 ಲೋ ಪವರ್ ಐಡಲ್ (ಅಂದರೆ ಮಾಡರ್ನ್ ಸ್ಟ್ಯಾಂಡ್‌ಬೈ) ಇದೆಯೋ ಎಂದು ಅದೇ ಹೇಳುತ್ತದೆ.

ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ವೈಫೈ ಬರಲಿಲ್ಲ, ರೀಸ್ಟಾರ್ಟ್ ಕೊಟ್ಟ ಕೂಡಲೇ ಬಂತು. ಇದೆಂಥ ವಿಚಿತ್ರ? ವಿಚಿತ್ರವೇನಿಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ, ಆದರೆ ವಿಂಡೋಸ್ ತನ್ನ ಒಳತಿರುಳು ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಹಾಗೇ ಡಿಸ್ಕಿನಲ್ಲಿ ಬರೆದಿಡುತ್ತದೆ. ಮರುದಿನ ಅದನ್ನೇ ಓದಿ ಎದ್ದೇಳುತ್ತದೆ. ಗೊಂದಲದಲ್ಲಿದ್ದ ಡ್ರೈವರ್ ಗೊಂದಲದಲ್ಲೇ ಏಳುತ್ತದೆ! ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿಂದ ಶುರು ಮಾಡುತ್ತದೆ. ನಂಬಿಕೆ ಬಾರದಿದ್ದರೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಒತ್ತಿ, ಅಪ್ ಟೈಮ್ ನೋಡಿ. ನಿನ್ನೆ ರಾತ್ರಿ ಆಫ್ ಮಾಡಿದ ಯಂತ್ರ ವಾರದಿಂದ ಎಚ್ಚರವಾಗಿರುವುದಾಗಿ ಲೆಕ್ಕ ತೋರಿಸಬಹುದು. ನಿಜವಾಗಿ ಆಫ್ ಆಗಬೇಕಿದ್ದರೆ ಶಿಫ್ಟ್ ಕೀಲಿ ಹಿಡಿದುಕೊಂಡೇ ಶಟ್‌ಡೌನ್ ಒತ್ತಬೇಕು.

ವಿಂಡೋಸಿನಲ್ಲಿ ಒಂದು ಸಣ್ಣ ಟಿಕ್ ಗುರುತಿದೆ. ಈ ತೊಂದರೆಗೆ ನಾನು ಮೊದಲು ಹುಡುಕುವುದು ಅದನ್ನೇ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ಗಳ ಪಟ್ಟಿ ಬಿಚ್ಚಿ, ವೈಫೈ ಕಾರ್ಡಿನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆಯಿರಿ. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡುವ ಅನುಮತಿಯನ್ನು ಕಂಪ್ಯೂಟರ್‌ಗೆ ಕೊಡುವ ಚೌಕವೊಂದು ಅಲ್ಲಿರುತ್ತದೆ. ಟಿಕ್ ತೆಗೆಯಿರಿ. ಬ್ಲೂಟೂತ್ ಅಡಾಪ್ಟರ್‌ಗೂ, ಯುಎಸ್‌ಬಿ ಹಬ್‌ಗಳಿಗೂ ಇಂಥದೇ ಚೌಕವಿದೆ. ದಿನವಿಡೀ ಚಾರ್ಜರ್‌ಗೆ ಕಟ್ಟಿಕೊಂಡೇ ಇರುವ ಲ್ಯಾಪ್‌ಟಾಪಿನಲ್ಲಿ ಈ ಉಳಿತಾಯದಿಂದ ಯಾರಿಗೆ ಏನು ಲಾಭವೋ! ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಅನೇಕ ಯಂತ್ರಗಳಲ್ಲಿ ಈ ಪುಟವೇ ಕಾಣಿಸುವುದಿಲ್ಲ. ಕಾಣಿಸದಿದ್ದರೆ ಹುಡುಕಿ ಸುಸ್ತಾಗಬೇಡಿ.

ಅದೇ ಡಿವೈಸ್ ಮ್ಯಾನೇಜರ್‌ನಲ್ಲಿ ಸಾಧನದ ಮೇಲೆ ಹಳದಿ ತ್ರಿಕೋನವಿದ್ದರೆ ಒಳಗೆ ಹೋಗಿ ಕೋಡ್ ಓದಿ. ಕೋಡ್ 10 ಎಂದರೆ ಸಾಧನ ಶುರುವಾಗಲಿಲ್ಲ. ಕೋಡ್ 43 ಎಂದರೆ ಸಾಧನವೇ ತೊಂದರೆ ಹೇಳಿಕೊಂಡಿತು, ವಿಂಡೋಸ್ ಅದನ್ನು ನಿಲ್ಲಿಸಿತು. ಎರಡಕ್ಕೂ ಪ್ರಥಮ ಚಿಕಿತ್ಸೆ ಒಂದೇ: ಬಲಗುಂಡಿ ಒತ್ತಿ ಡಿಸೇಬಲ್, ಒಂದಿಷ್ಟು ಉಸಿರಾಡಿ, ಎನೇಬಲ್.

ವೈಫೈ ಚೆನ್ನಾಗಿದ್ದು ಬ್ಲೂಟೂತ್ ಮಾತ್ರ ಮಾಯವಾಗುವುದು ಹೇಗೆ? ಎರಡೂ ಇರುವುದು ಬೆರಳಗಲದ ಒಂದೇ ಕಾರ್ಡಿನಲ್ಲಿ. ಆದರೆ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಬ್ಲೂಟೂತ್ ಭಾಗ ಯಂತ್ರದ ಜೊತೆ ಮಾತಾಡುವುದು ಒಳಗಿನ ಯುಎಸ್‌ಬಿ ದಾರಿಯಲ್ಲಿ, ವೈಫೈಗೆ ಬೇರೆಯೇ ದಾರಿ. ಯುಎಸ್‌ಬಿ ದಾರಿ ಮಲಗಿದ್ದರೆ ಬ್ಲೂಟೂತ್ ಒಂದೇ ಕಾಣೆಯಾಗುತ್ತದೆ. ಪವರ್ ಆಪ್ಶನ್ಸ್‌ನಲ್ಲಿರುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಆಫ್ ಮಾಡಿ ನೋಡಿ.

ಇನ್ನು ಡಾಂಗಲ್ ಇರುವ ಮೌಸ್, ಕೀಬೋರ್ಡ್‌ಗಳ ಕತೆ. ಇವು ಸಾಮಾನ್ಯವಾಗಿ ಬ್ಲೂಟೂತ್ ಅಲ್ಲ. ತಮ್ಮದೇ ಭಾಷೆಯಲ್ಲಿ, ಆದರೆ ಅದೇ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಮಾತಾಡುತ್ತವೆ. ಈ ಅಲೆಪಟ್ಟಿಯಲ್ಲಿ ಮೊದಲೇ ನೂಕುನುಗ್ಗಲು. ಹಳೆಯ ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್, ಎಲ್ಲ ಇಲ್ಲೇ. ಇದರ ನಡುವೆ ಯಾರೂ ಅನುಮಾನಿಸದ ಇನ್ನೊಬ್ಬ ಆಸಾಮಿ ಇದ್ದಾನೆ: ಯುಎಸ್‌ಬಿ 3.0. ಇದರ ಕೇಬಲ್ಲು, ಸಾಕೆಟ್ಟುಗಳಿಂದ ಸೋರುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ ಬೀಳುತ್ತದೆ ಎಂದು 2012ರಲ್ಲಿ ಇಂಟೆಲ್ ತಾನೇ ಅಳೆದು ಪ್ರಕಟಿಸಿತು. ಪೋರ್ಟಬಲ್ ಹಾರ್ಡ್‌ಡಿಸ್ಕ್ ಚುಚ್ಚಿದ ನೀಲಿ ಸಾಕೆಟ್ಟಿನ ಪಕ್ಕದಲ್ಲೇ ಮೌಸಿನ ಡಾಂಗಲ್ ಇದ್ದರೆ ಬಾಣ ತಡವರಿಸುವುದು, ಅಕ್ಷರ ನುಂಗುವುದು ಶುರು. ಸ್ಲೀಪ್ ಮುಗಿಸಿ ಕೆಲಸಕ್ಕೆ ಕೂತಾಗ ಇದು ಕಣ್ಣಿಗೆ ಬೀಳುತ್ತದೆ, ಅಪವಾದ ಸ್ಲೀಪಿನ ತಲೆಗೆ ಬರುತ್ತದೆ. ಡಾಂಗಲನ್ನು ಇನ್ನೊಂದು ಬದಿಗೆ ಹಾಕಿ, ಇಲ್ಲವೇ ಗೇಣುದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರಿನಿಂದ ದೂರ ಎಳೆಯಿರಿ. ಹೊಸ ಮೌಸ್ ಕೊಳ್ಳುವ ಮೊದಲು ಇಷ್ಟು ಮಾಡದಿದ್ದರೆ ಹೊಸ ಮೌಸೂ ತಡವರಿಸುತ್ತದೆ.

ಬ್ಲೂಟೂತ್ ಈ ಗದ್ದಲದಲ್ಲಿ ಬದುಕುವುದು ಜಿಗಿತದಿಂದ. ಹಾಡು ಕೇಳಲು ಬಳಸುವ ಸಾಂಪ್ರದಾಯಿಕ ಬ್ಲೂಟೂತ್ ತನ್ನ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಾಗ ಬದಲಿಸುತ್ತದೆ.

ಇಯರ್‌ಬಡ್ ಮೌನವಾದರೆ ಮೊದಲು ನಿಮ್ಮ ಜೇಬು ತಡಕಿ! ಲ್ಯಾಪ್‌ಟಾಪ್ ಮಲಗಿದ ಹೊತ್ತಿನಲ್ಲಿ ಇಯರ್‌ಬಡ್ ಸುಮ್ಮನೆ ಕೂರುವುದಿಲ್ಲ, ಹತ್ತಿರದ ಫೋನಿಗೆ ಅಂಟಿಕೊಂಡಿರುತ್ತದೆ. ಫೋನಿನ ಬ್ಲೂಟೂತ್ ಆಫ್ ಮಾಡಿದರೆ ಮರಳಿ ಬರುತ್ತದೆ. ಜೋಡಣೆಯಾಗಿದೆ ಎಂದು ಲ್ಯಾಪ್‌ಟಾಪ್ ಹೇಳುತ್ತಿದ್ದರೂ ಸದ್ದಿಲ್ಲವಾದರೆ ಸ್ಪೀಕರ್ ಗುರುತು ಒತ್ತಿ ಧ್ವನಿ ಎಲ್ಲಿಗೆ ಹೋಗುತ್ತಿದೆ ನೋಡಿ. ಎದ್ದ ಯಂತ್ರ ಅದನ್ನು ತನ್ನ ಸ್ಪೀಕರಿಗೋ ಎಚ್‌ಡಿಎಂಐ ಟಿವಿಗೋ ತಿರುಗಿಸಿರಬಹುದು. ಸದ್ದು ಬಂದರೂ ಹಳೇ ಟೆಲಿಫೋನಿನಂತೆ ತೆಳ್ಳಗಿದ್ದರೆ ಯಾವುದೋ ಮೀಟಿಂಗ್ ಆ್ಯಪ್ ಮೈಕ್ ಹಿಡಿದುಕೊಂಡಿದೆ ಎಂದರ್ಥ. ಮೈಕ್ ತೆರೆದೊಡನೆ ಬ್ಲೂಟೂತ್ ಹಾಡಿನ ಕ್ರಮ ಬಿಟ್ಟು ಮಾತಿನ ಕ್ರಮಕ್ಕೆ ಇಳಿಯುತ್ತದೆ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಒಂದು ಕಿವಿಮಾತು. ಜೋಡಿಸುವಾಗ ಲ್ಯಾಪ್‌ಟಾಪ್ ಮತ್ತು ಹೆಡ್‌ಸೆಟ್ ಒಂದು ಗುಟ್ಟಿನ ಕೀಲಿ ಹಂಚಿಕೊಳ್ಳುತ್ತವೆ. ಅತ್ತ ಲಿನಕ್ಸಿನಲ್ಲಿ ಮತ್ತೆ ಜೋಡಿಸಿದಿರೋ, ಹೆಡ್‌ಸೆಟ್ ಹಳೆಯ ಕೀಲಿ ಬಿಸಾಡಿ ಹೊಸದನ್ನು ಇಟ್ಟುಕೊಳ್ಳುತ್ತದೆ, ವಿಂಡೋಸಿನ ಕೈಯಲ್ಲಿ ಹಳೆಯದೇ ಉಳಿಯುತ್ತದೆ. ಹೆಡ್‌ಸೆಟ್ಟಿಗೆ ಎರಡರ ವಿಳಾಸವೂ ಒಂದೇ ಆಗಿ ಕಾಣುವುದರಿಂದ ಈ ಜಗಳ.

ವೈಫೈ ಕನೆಕ್ಟೆಡ್ ಎಂದಿದೆ, ಇಂಟರ್‌ನೆಟ್ ಇಲ್ಲ. ಇಲ್ಲಿ ಮರೆತದ್ದು ಯಾರು? ರೌಟರ್ ಕೊಡುವ ಐಪಿ ವಿಳಾಸ ಸ್ವಂತದ್ದಲ್ಲ, ಅವಧಿ ಗೊತ್ತುಮಾಡಿದ ಬಾಡಿಗೆಯದು. 1997ರಿಂದ ಜಾರಿಯಲ್ಲಿರುವ ಡಿಎಚ್‌ಸಿಪಿ ನಿಯಮದ ಪ್ರಕಾರ ಎಚ್ಚರವಿರುವ ಯಂತ್ರ ಅರ್ಧ ಅವಧಿ ಮುಗಿದಾಗಲೇ ನವೀಕರಣ ಕೇಳಬೇಕು. ಮಲಗಿದ್ದವರು ಕೇಳುವುದು ಹೇಗೆ? ಇದರ ಜೊತೆಗೆ ಮನೆಯ ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಒಂದು ಗುಂಪು ಕೀಲಿಯನ್ನು ರೌಟರ್ ಆಗಾಗ ಬದಲಿಸುತ್ತಿರುತ್ತದೆ, ಹಲವು ರೌಟರ್‌ಗಳಲ್ಲಿ 3600 ಸೆಕೆಂಡಿಗೊಮ್ಮೆ. ಆ ಹೊತ್ತಿಗೆ ಉತ್ತರ ಕೊಡದ ಸಾಧನವನ್ನು ಪಟ್ಟಿಯಿಂದ ತೆಗೆಯುತ್ತದೆ. ಎದ್ದ ಲ್ಯಾಪ್‌ಟಾಪ್ ಮಾತ್ರ ತಾನಿನ್ನೂ ಪಟ್ಟಿಯಲ್ಲಿದ್ದೇನೆ ಎಂದುಕೊಂಡಿರುತ್ತದೆ. ವೈಫೈ ಆರಿಸಿ ಹೊತ್ತಿಸಿದರೆ, ಅಥವಾ ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಇಬ್ಬರಿಗೂ ಹೊಸದಾಗಿ ಪರಿಚಯವಾಗುತ್ತದೆ. ನಿಮ್ಮ ಐಪಿ ವಿಳಾಸ 169.254 ಎಂದು ಆರಂಭವಾಗುತ್ತಿದ್ದರೆ ಅದು ರೌಟರ್ ಕೊಟ್ಟದ್ದಲ್ಲ. ಯಾರೂ ಕೊಡದಿದ್ದಾಗ ಯಂತ್ರ ತನಗೆ ತಾನೇ ಇಟ್ಟುಕೊಂಡದ್ದು.

ಕರೆಂಟ್ ಹೋಗಿ ಬಂದ ಮೇಲೆ ಲ್ಯಾಪ್‌ಟಾಪ್ ತೆರೆದರೆ ಮನೆಯ 2.4 ಗಿಗಾಹರ್ಟ್ಸ್ ವೈಫೈ ಕಾಣುತ್ತದೆ, 5 ಗಿಗಾಹರ್ಟ್ಸ್ ಕಾಣುವುದಿಲ್ಲ. ಗಮನಿಸಿದ್ದೀರಾ? 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳು ಹವಾಮಾನ ಮತ್ತಿತರ ರೇಡಾರ್‌ಗಳ ಜೊತೆ ಹಂಚಿಕೊಂಡವು. ಅವುಗಳಲ್ಲಿ ಮಾತಾಡುವ ಮುನ್ನ ರೌಟರ್ ಕನಿಷ್ಠ 60 ಸೆಕೆಂಡು ಸುಮ್ಮನಿದ್ದು, ರೇಡಾರ್ ಸದ್ದು ಇದೆಯೇ ಎಂದು ಕಿವಿಗೊಡಬೇಕು. ಮಧ್ಯೆ ರೇಡಾರ್ ಕೇಳಿಸಿದರೆ ಚಾನೆಲ್ ಬಿಟ್ಟು ಏಳಬೇಕು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲೇ ಪರವಾನಗಿಯಿಂದ ಮುಕ್ತವಾಗಿತ್ತು. 5 ಗಿಗಾಹರ್ಟ್ಸ್‌ನ ಹರವು ಈಗಿನಷ್ಟು ಹಿಗ್ಗಿದ್ದು 2018ರ ಅಧಿಸೂಚನೆಯಿಂದ. ಅಂದಹಾಗೆ, ತುಸು ಹೊತ್ತು ಕಾದರೆ ಸರಿಹೋಗುವ, 5 ಗಿಗಾಹರ್ಟ್ಸ್ ಕಾಣದ ಈ ತೊಂದರೆಗೆ ಡ್ರೈವರ್ ಅಳಿಸಿ ಕೂರುವವರುಂಟು.

ಪಿಜಿ, ಹಾಸ್ಟೆಲ್‌ಗಳಲ್ಲಿ ಇನ್ನೊಂದು ಪೀಡೆ. ಅಲ್ಲಿನ ವೈಫೈ ನಿಮ್ಮ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸ (ಹಾರ್ಡ್‌ವೇರ್ ಅಡ್ರೆಸ್) ನೋಡಿ ಒಳಗೆ ಬಿಡುವಂತಿದ್ದು, ನೀವು ಗೋಪ್ಯತೆಗೆಂದು ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಎಂಬುದನ್ನು ದಿನಾ ಬದಲಾಗುವಂತೆ ಹಾಕಿಕೊಂಡಿದ್ದರೆ, ರಾತ್ರಿ ಮಲಗಿದ ಯಂತ್ರ ಬೆಳಿಗ್ಗೆ ಅಪರಿಚಿತ. ಆ ಒಂದು ನೆಟ್‌ವರ್ಕಿಗೆ ಮಾತ್ರ ಅದನ್ನು ಆಫ್ ಮಾಡಿದರೆ ಸಾಕು.

ಮನೆಯಿಂದ ಕೆಲಸ ಮಾಡುವ ಐಟಿ ಮಂದಿಗೆ: ವೈಫೈಯನ್ನು ಬೈಯುವ ಮುನ್ನ, ಆಫೀಸಿಗೆ ಗುಟ್ಟಿನ ಸುರಂಗ ಕೊರೆಯುವ ವಿಪಿಎನ್ ಕಡಿದು ನೋಡಿ. ನಿದ್ದೆಯಲ್ಲಿ ಆ ಸುರಂಗ ಕುಸಿದಿರುತ್ತದೆ, ಆದರೆ ಸುರಂಗ ಬಿಟ್ಟು ಬೇರೆ ದಾರಿಯಲ್ಲಿ ಯಾವ ಮಾಹಿತಿಯೂ ಹೋಗಕೂಡದೆಂಬ ಕಾವಲು ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ.

ವೈಫೈ ಪ್ರಿಂಟರ್ ಆಫ್‌ಲೈನ್ ಎಂದು ಹಟ ಹಿಡಿಯುವುದೂ ವಿಳಾಸದ ತಕರಾರೇ ಇರಬಹುದು. ರೌಟರ್ ಅದಕ್ಕೆ ಹೊಸ ಐಪಿ ಕೊಟ್ಟಿದೆ, ಲ್ಯಾಪ್‌ಟಾಪ್ ಹಳೆಯ ಬಾಗಿಲು ತಟ್ಟುತ್ತಿದೆ. ರೌಟರ್‌ನಲ್ಲಿ ಪ್ರಿಂಟರಿಗೆ ಒಂದೇ ವಿಳಾಸ ಕಾಯ್ದಿರಿಸುವ ಸೌಲಭ್ಯ ಇರುತ್ತದೆ.

ವಿಂಡೋಸ್ ನಿಮ್ಮ ವೈಫೈ ಹೋಗಿಬಂದ ಕತೆಯನ್ನೆಲ್ಲ ಬರೆದಿಡುತ್ತದೆ ಎಂದು ಗೊತ್ತೇ? ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಎಸ್‌ಎಚ್, ಡಬ್ಲ್ಯೂಲ್ಯಾನ್, ಶೋ, ಡಬ್ಲ್ಯೂಲ್ಯಾನ್‌ರಿಪೋರ್ಟ್ ಎಂಬ ನಾಲ್ಕು ಪದಗಳನ್ನು ಒಂದರ ಮುಂದೊಂದು ಕೊಡಿ. ಕಳೆದ 3 ದಿನಗಳ ಜಾತಕ ಒಂದು ವೆಬ್ ಪುಟವಾಗಿ ಬರುತ್ತದೆ: ಯಾವಾಗ ಸೇರಿತು, ಯಾವಾಗ ಕಡಿಯಿತು, ಯಾಕೆ ಕಡಿಯಿತು. ನಿದ್ದೆಯ ಗಳಿಗೆಗೂ ಕಡಿತಕ್ಕೂ ನಿಜವಾಗಿ ನಂಟಿದೆಯೇ ಎಂದು ಊಹೆಯಿಲ್ಲದೆ ಹೇಳಬಲ್ಲದ್ದು ಇದು. ಅಂಗಡಿಗೆ ಒಯ್ಯುವುದಾದರೆ ಇದನ್ನೂ ತೋರಿಸಿ.

ಲಿನಕ್ಸ್ ಬಳಸುವವರು ಆರ್‌ಎಫ್‌ಕಿಲ್ ಲಿಸ್ಟ್ ಕೊಟ್ಟರೆ ರೇಡಿಯೋವನ್ನು ತಡೆದಿರುವುದು ಸಾಫ್ಟ್‌ವೇರೋ ಗುಂಡಿಯೋ ಎಂದು ತಿಳಿಯುತ್ತದೆ. ಹಳೆಯ ಇಂಟೆಲ್ ಮ್ಯಾಕ್‌ಬುಕ್‌ಗಳಿಗೆ ಎಸ್‌ಎಂಸಿ ರೀಸೆಟ್ ಎಂಬ ಮಂತ್ರವಿತ್ತು. ಆಪಲ್‌ನದೇ ಚಿಪ್ ಇರುವವಕ್ಕೆ ಅದಿಲ್ಲ, ಬರಿಯ ರೀಸ್ಟಾರ್ಟ್.

ವೈಫೈ ಆಂಟೆನಾ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಅಂಚಿನೊಳಗಿದೆ. ಅಲ್ಲಿಂದ ಕೂದಲೆಳೆಯಂಥ ತೆಳು ವೈರು ತಿರುಗಣಿಯ ಮೂಲಕ ಹಾದು ಕೆಳಗಿನ ಕಾರ್ಡಿಗೆ ಬರುತ್ತದೆ. ವರ್ಷಗಟ್ಟಲೆ ಮುಚ್ಚಳ ತೆರೆದು ಮುಚ್ಚಿದ ಮೇಲೆ ವೈರು ಸವೆಯಬಹುದು, ಕಾರ್ಡಿನ ಮೇಲಿನ ಸಣ್ಣ ಕನೆಕ್ಟರ್ ಸಡಿಲವಾಗಬಹುದು. ಪರದೆಯನ್ನು ಹಿಂದೆ ಮುಂದೆ ಬಾಗಿಸಿದಾಗ ಸಿಗ್ನಲ್ ಏರಿಳಿದರೆ ಸೆಟ್ಟಿಂಗ್ ಹುಡುಕುವುದು ಬಿಡಿ, ಸ್ಕ್ರೂಡ್ರೈವರ್ ಇರುವವರ ಬಳಿ ಹೋಗಿ.

ನೆಟ್‌ವರ್ಕ್ ರೀಸೆಟ್ ಗುಂಡಿ ಕೊನೆಯ ಅಸ್ತ್ರ. ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನೂ ವಿಪಿಎನ್ ಜೋಡಣೆಯನ್ನೂ ಗುಡಿಸಿಹಾಕುತ್ತದೆ. ಅದಕ್ಕೂ ಮೊದಲು ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆರಿದ ಯಂತ್ರದಲ್ಲೂ ಕೆಲವು ಚಿಪ್‌ಗಳಿಗೆ ತುಸು ವಿದ್ಯುತ್ ಹರಿಯುತ್ತಿರುತ್ತದೆ. ಅದು ಬರಿದಾದರೆ ಗೊಂದಲದಲ್ಲಿ ಸಿಕ್ಕಿಕೊಂಡ ಕಾರ್ಡ್ ಸೊನ್ನೆಯಿಂದ ಶುರುವಾಗುತ್ತದೆ. ಡ್ರೈವರ್ ಬದಲಿಸುವುದಾದರೆ ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನಿಮ್ಮದೇ ಮಾಡೆಲ್ಲಿನ ಪುಟದಿಂದ ತನ್ನಿ. ಹೊಸ ಡ್ರೈವರ್ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ ರೋಲ್ ಬ್ಯಾಕ್ ಗುಂಡಿಯೂ ಇದೆ.

ಕಾರ್ಡೇ ಸತ್ತಿದ್ದರೆ? ಎಂ.2 ಸಾಕೆಟ್ಟಿನಲ್ಲಿ ಕೂತದ್ದಾದರೆ ಬದಲಿಸಬಹುದು. ತೆಳು ಮಾಡೆಲ್‌ಗಳಲ್ಲಿ ಬೋರ್ಡಿಗೇ ಬೆಸೆದಿರುವುದುಂಟು. ಕೊಳ್ಳುವಾಗ ಹೆಸರಿನ ಕೊನೆಯ ಅಂಕಿ ನೋಡಿ. ಇಂಟೆಲ್‌ನ ಎಎಕ್ಸ್ 200, ಎಎಕ್ಸ್ 210 ಪೂರ್ಣ ಕಾರ್ಡುಗಳು. ಎಎಕ್ಸ್ 201, ಎಎಕ್ಸ್ 211 ನೋಡಲು ಅಣ್ಣತಮ್ಮಂದಿರಂತಿದ್ದರೂ ಅವುಗಳ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್ಟಿನೊಳಗೇ ನಡೆಯುತ್ತದೆ. ಎಎಂಡಿ ಲ್ಯಾಪ್‌ಟಾಪಿಗೆ ಅವನ್ನು ಹಾಕಿದರೆ ಸ್ಕ್ರೂ ಸರಿಯಾಗಿ ಕೂರುತ್ತದೆ, ಕಾರ್ಡ್ ಮಾತ್ರ ಏಳುವುದೇ ಇಲ್ಲ.