ಮನೆ ಎತ್ತಬಹುದು, ಖಾತೆ ಎತ್ತೋಕಾಗುತ್ತಾ?

ಹರಿಹರ: ಗಾಜನೂರಿನಲ್ಲಿ, ಲಕ್ಕವಳ್ಳಿಯಲ್ಲಿ ಗೇಟು ಎತ್ತಿದರು ಅಂತ ಸುದ್ದಿ ಬಂದರೆ ಸಾಕು, ಹರಿಹರದ ಗಂಗಾನಗರದಲ್ಲಿ ಗಂಟುಮೂಟೆ ಕಟ್ಟೋದು ಶುರು. ಮೊದಲು ಪಾತ್ರೆ-ಪಡಗ, ಆಮೇಲೆ ಟ್ರಂಕು, ಹಾಸಿಗೆ, ಕಡೆಗೆ ಮಕ್ಕಳು ಮರಿ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗಲೂ ಇದೇ ಕಥೆ, ಆಮೇಲಿನ ಮಳೆಗಾಲಗಳಲ್ಲೂ ಇದೇ ಕಥೆ. ಹೊಳೆ ಇಳಿದ ಮೇಲೆ ಕಾಳಜಿ ಕೇಂದ್ರದಿಂದ ವಾಪಸು ಬಂದು ರಾಡಿ ಬಳಿಯೋದು. ಎಲ್ಲಾ ಹೊತ್ತುಕೊಂಡು ಹೋಗಬಹುದು, ಮನೆ ಒಂದು ಬಿಟ್ಟು!

ಆದರೆ ಮನೆಯನ್ನೂ ಹೊತ್ತುಕೊಂಡು ಹೋಗಬಹುದು ಸ್ವಾಮಿ. ಹೋಗಿದ್ದಾರೆ ಕೂಡ. ಅದಕ್ಕೆ ಎರಡು ದಾರಿ.

ಒಂದು, ಜಾಕಿ ಕೊಡೋದು. ಗೋಡೆಯ ಬುಡ ಬಗೆದು, ಪಾಯದ ಮೇಲ್ಗಡೆ ಕೊರೆದು, ಕಬ್ಬಿಣದ ಚಾನೆಲ್ ತೂರಿಸಿ, ಸಾಲಾಗಿ ಜಾಕಿ ಇಡುತ್ತಾರೆ. ಮೇಸ್ತ್ರಿ ಕೂಗಿದ ಹಾಗೆ ಎಲ್ಲರೂ ಒಟ್ಟಿಗೇ ತಿರುಗಿಸಬೇಕು. ಒಬ್ಬ ಹೆಚ್ಚು ತಿರುಗಿಸಿದರೂ ಗೋಡೆ ಬಾಯಿ ಬಿಡುತ್ತದೆ. ಹರಿಯಾಣ ಕಡೆಯ ಕಂಪನಿಗಳು ಇದರಲ್ಲಿ ಪಳಗಿವೆ. ರಸ್ತೆ ಎತ್ತರವಾಗಿ ತಗ್ಗಿಗೆ ಬಿದ್ದ ಮನೆಗಳನ್ನು ಹೀಗೆ ಎತ್ತಿಸುತ್ತಾರೆ. ಪಕ್ಕಕ್ಕೆ ಸರಿಸಬೇಕಾದರೆ ಕೆಳಗೆ ಉರುಳೆ ಕೊಟ್ಟು ಇಂಚಿಂಚೇ ತಳ್ಳಬೇಕು. ಪಕ್ಕದಲ್ಲೇ ಖಾಲಿ ಜಾಗ ಇದ್ದವನಿಗೆ ಇದು ಸರಿ. ಹರಿಹರದ ಮನೆಯನ್ನು ಇಡಿಯಾಗಿ 14 ಕಿ.ಮೀ. ದೂರದ ದಾವಣಗೆರೆಗೆ ತರುತ್ತೇನೆಂದರೆ ಕರೆಂಟ್ ತಂತಿ, ರೈಲ್ವೆ ಸೇತುವೆ, ಓಣಿಯ ತಿರುವು ಬಿಡಬೇಕಲ್ಲ!

ಸ್ವೀಡನ್ ದೇಶದ ಕಿರುನಾದಲ್ಲಿ 2025ರ ಆಗಸ್ಟಿನಲ್ಲಿ 672 ಟನ್ ತೂಕದ ಮರದ ಚರ್ಚನ್ನು ಗಾಲಿಗಳ ಮೇಲೆ ಕೂರಿಸಿ ಎರಡು ದಿನದಲ್ಲಿ 5 ಕಿ.ಮೀ. ಒಯ್ದರು. ಅದಕ್ಕಾಗಿ ರಸ್ತೆಯನ್ನೇ ಅಗಲ ಮಾಡಿದ್ದರು. ಊರ ಕೆಳಗೆ ಅದಿರು ಅಗೆಯುವ ಗಣಿ ಕಂಪನಿಯೇ ಖರ್ಚು ಕೊಟ್ಟಿತು. ನಮ್ಮಲ್ಲಿ ಕೊಡೋರು ಯಾರು?

ಬಿಚ್ಚಿ ಕಟ್ಟುವ ದಾರಿ

ಎರಡನೆಯದು ನಮ್ಮ ನೆಲದ್ದೇ ದಾರಿ. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಒಂದು ಊರನ್ನೇ ಹೀಗೆ ಎಬ್ಬಿಸಿದರು. ಕೆಡವಲು ಹೊರಟಿದ್ದ ಹಳೇ ಮನೆಗಳನ್ನು ಬಿಚ್ಚಿಸಿ, ಕಂಬ, ತೊಲೆ, ಬಾಗಿಲಿಗೆಲ್ಲ ಗುರುತು ಹಾಕಿಸಿ, ಲಾರಿಯಲ್ಲಿ ತರಿಸಿ, ಅದೇ ಕ್ರಮದಲ್ಲಿ ಮತ್ತೆ ಜೋಡಿಸಿದರು. ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ಘಟ್ಟ ಇಳಿದು ಬಂದಿದ್ದು ಹಾಗೇ. ಶೆಣೈ 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಕೆಆರ್‌ಎಸ್ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನೂ ಕಲ್ಲು ಕಲ್ಲಿಗೆ ನಂಬರು ಹಾಕಿ ಬಿಚ್ಚಿ, ಮೇಲಿನ ದಂಡೆಯಲ್ಲಿ ಕಟ್ಟಿದ್ದಾರೆ.

ದಾವಣಗೆರೆ, ಹರಿಹರದ ಹಳೇ ಪೇಟೆಯ ಮಾಳಿಗೆ ಮನೆಗಳಿಗೆ ಒಗ್ಗುವುದು ಇದೇ. ಕಂಬ, ಬೋದಿಗೆ, ಜಂತಿ, ತಲೆಬಾಗಿಲು, ಹಾಸುಗಲ್ಲು ಇಷ್ಟೂ ಬರುತ್ತವೆ. ಮಣ್ಣಿನ ಗೋಡೆ, ಗಾರೆ ಬರಲ್ಲ. ಅದನ್ನು ಹೊಸದಾಗಿ ಕಟ್ಟಬೇಕು. ಆರ್‌ಸಿಸಿ ಮನೆಯಾದರೆ ಬಿಚ್ಚೋ ಮಾತೇ ಇಲ್ಲ. ಕಿಟಕಿ ಬಾಗಿಲು ಬಿಟ್ಟರೆ ಉಳಿದದ್ದು ಜಲ್ಲಿ.

ಎತ್ತಕ್ಕಾಗದ್ದು ಕಾಗದ

ಗೌಂಡಿ, ಬಡಗಿ ಸಿಕ್ಕಾರು. ತೊಡಕು ಇರೋದು ಕಚೇರಿಯಲ್ಲಿ. ಹೊಸ ಜಾಗ ಹೊಲವಾಗಿದ್ದರೆ ಮೊದಲು ಭೂ ಪರಿವರ್ತನೆ ಆಗಬೇಕು. ಬಡಾವಣೆಗೆ ದೂಡಾ ಮಂಜೂರಾತಿ ಇದೆಯೋ ನೋಡಬೇಕು. ಮನೆ ಹಳೇದಾದರೂ ಜಾಗ ಹೊಸದು, ಆದ್ದರಿಂದ ಕಟ್ಟೋ ಪರವಾನಗಿ ಹೊಸದಾಗಿಯೇ ಬೇಕು. ಖಾತೆ, ಕಂದಾಯ, ಬೆಸ್ಕಾಂ ಮೀಟರು ಎಲ್ಲಾ ಮೊದಲಿಂದ. ಮನೆ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಒಂದು ಹೆಂಚೂ ಇಳಿಸುವಂತಿಲ್ಲ. ಪಿತ್ರಾರ್ಜಿತ ಮನೆಯಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಹೂಂ ಅನ್ನಬೇಕು. ಬಾಗಿಲು ಬಿಚ್ಚಿದ ಮೇಲೆ ಕೋರ್ಟಿನ ತಡೆಯಾಜ್ಞೆ ಬಂದರೆ ಅತ್ತ ಮನೆಯೂ ಇಲ್ಲ, ಇತ್ತ ಮನೆಯೂ ಇಲ್ಲ.

ಇನ್ನೊಂದು ಮಾತು. ಹೆದ್ದಾರಿಗೋ ರೈಲಿಗೋ ಮನೆ ಹೋದರೆ 2013ರ ಭೂಸ್ವಾಧೀನ ಕಾಯ್ದೆ ಇದೆ. ಕಟ್ಟಡಕ್ಕೂ ಬೆಲೆ ಕಟ್ಟಬೇಕು. ಅದರ ಎರಡನೇ ಪರಿಶಿಷ್ಟದಲ್ಲಿ, ನೆಲೆ ತಪ್ಪಿದ ಕುಟುಂಬಕ್ಕೆ ಸಂಸಾರ, ದನಕರು, ಕಟ್ಟಡ ಸಾಮಾನು ಸಾಗಿಸಲು ಒಂದು ಸಲಕ್ಕೆ 50,000 ರೂಪಾಯಿ ಅಂತ ಬರೆದಿದೆ. ಮನೆಯ ಮರಮುಟ್ಟೂ ಮನೆಯೇ ಎಂದು ಕಾನೂನು ಒಪ್ಪಿದೆ ಎಂದಾಯಿತು. ನೋಟಿಸು ಬಂದವರು ಇದನ್ನು ಕೇಳಿ ಪಡೆಯಬೇಕು.

ಆದರೆ ಹೊಳೆ ನೋಟಿಸು ಕೊಟ್ಟು ಬರಲ್ಲ. ಹೊಳೆ ಬಂದದ್ದು ಭೂಸ್ವಾಧೀನವೂ ಅಲ್ಲ. ಗಂಗಾನಗರದವರಿಗೆ ಸಿಗೋದು ನೆರೆ ಪರಿಹಾರ ಮಾತ್ರ. ಸಾಗಿಸೋ ಈ ದುಡ್ಡು ಅವರ ಪಾಲಿಗಿಲ್ಲ. ತಗಡು, ಬಾಗಿಲು, ನಾಲ್ಕು ಜಂತಿ ಬಿಚ್ಚಿಕೊಳ್ಳಲು ಅವರಿಗೆ ಯಾವ ಕಂಪನಿಯೂ ಬೇಕಿಲ್ಲ, ಒಂದು ಟ್ರ್ಯಾಕ್ಟರ್ ಸಾಕು. ಬೇಕಾದದ್ದು ಹೊಳೆ ಮುಟ್ಟದ ಎತ್ತರದಲ್ಲಿ ಒಂದು ಸೈಟು, ಅದರ ಮೇಲೆ ಅವರ ಹೆಸರಿನ ಹಕ್ಕುಪತ್ರ.

ಅದನ್ನು ಕೊಟ್ಟ ದಿನ ಮನೆ ತಾನಾಗಿ ಎದ್ದು ನಡೆಯುತ್ತದೆ. ಅಲ್ಲಿವರೆಗೆ ಮಳೆಗಾಲಕ್ಕೊಮ್ಮೆ ಟ್ರಂಕು ಹೊರೋದು ತಪ್ಪಿದ್ದಲ್ಲ.